ನಲವತ್ತೆಂಟು ಕೊಲೆ, ಒಂದು ಒಪ್ಪಂದ

2003ರ ನವೆಂಬರ್ 5ರಂದು ಅಮೆರಿಕದ ಸಿಯಾಟಲ್ ನಗರದ ನ್ಯಾಯಾಲಯದಲ್ಲಿ ಐವತ್ತನಾಲ್ಕು ವರ್ಷದ ಆಪಾದಿತನೊಬ್ಬನ ಮುಂದೆ ಕೊಲೆಯ ಆರೋಪಗಳನ್ನು ಒಂದೊಂದಾಗಿ ಓದಲಾಯಿತು. ಪ್ರತಿ ಆರೋಪಕ್ಕೂ ಅವನು ಕೊಟ್ಟ ಉತ್ತರ ಒಂದೇ: ತಾನು ತಪ್ಪಿತಸ್ಥ. ಆ ಮಾತನ್ನು ಅವನು ನಲವತ್ತೆಂಟು ಸಲ ಹೇಳಿದ. ಅವನ ಹೆಸರು ಗ್ಯಾರಿ ರಿಜ್‌ವೇ. ವೃತ್ತಿ, ಕಾರ್ಖಾನೆಯಲ್ಲಿ ಲಾರಿಗಳಿಗೆ ಬಣ್ಣ ಹಾಕುವುದು. ಇಷ್ಟನ್ನೂ ಒಪ್ಪಿಕೊಂಡ ಮನುಷ್ಯನಿಗೆ ಮರಣದಂಡನೆ ಇಲ್ಲವೆಂಬುದು ಆ ದಿನಕ್ಕೆ ಮೊದಲೇ ಲಿಖಿತವಾಗಿ ನಿರ್ಧಾರವಾಗಿತ್ತು. ಕೊಲೆಗಾರನೊಡನೆ ಸರ್ಕಾರವೇ ಇಂಥ ಒಪ್ಪಂದಕ್ಕೆ ಬರಬಹುದೆ ಎಂಬ ಪ್ರಶ್ನೆ ಅಂದು ಅನೇಕರನ್ನು ಕಾಡಿತು. ಅದಕ್ಕೆ ಉತ್ತರ ಹುಡುಕಬೇಕಾದರೆ ಇಪ್ಪತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

ಸಿಯಾಟಲ್‌ನ ದಕ್ಷಿಣಕ್ಕೆ, ಕಿಂಗ್ ಕೌಂಟಿಯಲ್ಲಿ ಗ್ರೀನ್ ಎಂಬ ನದಿ ಹರಿಯುತ್ತದೆ. ಕೌಂಟಿ ಎಂದರೆ ಇಲ್ಲಿಯ ಜಿಲ್ಲೆಯಂಥ ಆಡಳಿತ ಘಟಕ. 1982ರ ಜುಲೈ 15ರಂದು ಕೆಂಟ್ ಪಟ್ಟಣದ ಬಳಿ ಈ ನದಿಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳ ಶವ ಕಂಡಿತು. ಆಗಸ್ಟ್ ತಿಂಗಳ ನಡುವಿನ ಹೊತ್ತಿಗೆ ನದಿಯಲ್ಲಿಯೂ ದಂಡೆಯಲ್ಲಿಯೂ ಸಿಕ್ಕ ಶವಗಳು ಐದಾದವು. ಅನಂತರ ವಿಮಾನ ನಿಲ್ದಾಣದ ಸುತ್ತಲಿನ ಪೊದೆಗಳಲ್ಲಿ, ಕಾಡಿನ ಅಂಚಿನ ಇಳಿಜಾರುಗಳಲ್ಲಿ ಮೂಳೆಗಳು ದೊರೆಯತೊಡಗಿದವು. ಸತ್ತವರೆಲ್ಲರೂ ಹೆಣ್ಣುಮಕ್ಕಳು, ಹಲವರು ಇನ್ನೂ ಹದಿಹರೆಯದವರು. ಮನೆ ಬಿಟ್ಟು ಬಂದವರು, ಆಸರೆಯಿಲ್ಲದವರು, ಹೆದ್ದಾರಿಯ ಬದಿಯಲ್ಲಿ ಮೈಮಾರಿ ಹೊಟ್ಟೆ ಹೊರೆಯುತ್ತಿದ್ದವರು ಅವರಲ್ಲಿ ಬಹಳ ಮಂದಿ. ಇಂಥವರು ಕಾಣೆಯಾದರೆ ಯಾರೂ ಬೇಗನೆ ದೂರು ಕೊಡುವುದಿಲ್ಲ ಎಂಬ ಕಾರಣಕ್ಕೇ ತಾನು ಇವರನ್ನು ಆರಿಸಿಕೊಂಡೆನೆಂದು ರಿಜ್‌ವೇ ಮುಂದೆ ತನ್ನ ಹೇಳಿಕೆಯಲ್ಲಿ ಒಪ್ಪಿಕೊಂಡ. ಅವನ ಧೈರ್ಯದ ಬುಡ ಅವನ ಜಾಣ್ಮೆಯಲ್ಲಿ ಇರಲಿಲ್ಲ. ಸಮಾಜದ ಅಲಕ್ಷ್ಯದಲ್ಲಿ ಇತ್ತು.

ಆದರೆ ಹುಡುಕುವವರು ಇಲ್ಲವೆಂಬ ಅವನ ಎಣಿಕೆ ಪೂರ್ತಿ ನಿಜವಾಗಿರಲಿಲ್ಲ. 1983ರ ಏಪ್ರಿಲ್ 30ರ ರಾತ್ರಿ ಹದಿನೆಂಟು ವರ್ಷದ ಯುವತಿಯೊಬ್ಬಳು ಒಂದು ಪಿಕಪ್ ವಾಹನ ಹತ್ತಿದ್ದನ್ನು ಅವಳ ಗೆಳೆಯ ಕಂಡಿದ್ದ. ಅವನು ಅದನ್ನು ಹಿಂಬಾಲಿಸಿದನಾದರೂ ಸಿಗ್ನಲ್ ಬಳಿ ವಾಹನ ತಪ್ಪಿಹೋಯಿತು. ಕೆಲವು ದಿನಗಳಲ್ಲಿ ಅವನೂ ಹುಡುಗಿಯ ತಂದೆಯೂ ಬೀದಿ ಬೀದಿ ಅಲೆದು, ಅದೇ ವಾಹನ ಒಂದು ಮನೆಯ ಮುಂದೆ ನಿಂತಿರುವುದನ್ನು ಪತ್ತೆ ಮಾಡಿ ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದರು. ಮನೆಯಾತ ಬಾಗಿಲಲ್ಲಿ ನಿಂತು, ಅಂಥ ಹುಡುಗಿಯನ್ನು ತಾನು ನೋಡಿಯೇ ಇಲ್ಲ ಎಂದ. ಅವರು ಹಿಂದಿರುಗಿದರು. ಆ ಮನೆ ರಿಜ್‌ವೇಯದೇ ಆಗಿತ್ತು. ಕಾನೂನು ತಿಳಿಯದ ಒಬ್ಬ ತಂದೆ ಮಗಳ ಮೇಲಿನ ಮಮತೆಯಿಂದ ಹಂತಕನ ಹೊಸ್ತಿಲವರೆಗೆ ತಲುಪಿದ್ದ. ಕಾನೂನು ಅಲ್ಲಿಗೆ ಮತ್ತೆ ಬರಲು ವರ್ಷಗಳೇ ಹಿಡಿದವು.

ತನಿಖೆ ನಡೆಯಲಿಲ್ಲವೆಂದಲ್ಲ. 1984ರಲ್ಲಿ ವಿಶೇಷ ತನಿಖಾ ದಳ ರಚನೆಯಾಯಿತು. ಸಾವಿರಾರು ಸುಳಿವುಗಳು ಬಂದವು. ಅದೇ ವರ್ಷ ರಿಜ್‌ವೇ ಸುಳ್ಳುಪತ್ತೆ ಪರೀಕ್ಷೆಗೆ ಒಳಗಾಗಿ ಅದರಲ್ಲಿ ಉತ್ತೀರ್ಣನೂ ಆದ. ಯಂತ್ರ ಅವನನ್ನು ಸತ್ಯವಂತನೆಂದಿತು! ಫ್ಲಾರಿಡಾದ ಸೆರೆಮನೆಯಲ್ಲಿ ಮರಣದಂಡನೆಗಾಗಿ ಕಾಯುತ್ತಿದ್ದ ಇನ್ನೊಬ್ಬ ಸರಣಿ ಹಂತಕ ಟೆಡ್ ಬಂಡಿ, ಇಂಥವರ ಮನಸ್ಸು ತನಗೆ ತಿಳಿದಿದೆ ಎಂದು ಪತ್ರ ಬರೆದ. ಡೇವ್ ರೈಕರ್ಟ್ ಮತ್ತು ರಾಬರ್ಟ್ ಕೆಪೆಲ್ ಎಂಬ ತನಿಖಾಧಿಕಾರಿಗಳು ಅಲ್ಲಿಗೂ ಹೋಗಿ ಅವನ ಮಾತನ್ನು ಕೇಳಿ ಬಂದರು. ಆದರೂ ಹಂತಕ ಸಿಗಲಿಲ್ಲ. ವರ್ಷಗಳು ಕಳೆದಂತೆ ಹಣವೂ ಜನರ ಆಸಕ್ತಿಯೂ ಕಡಿಮೆಯಾಗಿ ದಳ ಕರಗುತ್ತ ಬಂದಿತು.

ಈ ನಡುವೆ ನಡೆದ ಒಂದು ಸಣ್ಣ ಕೆಲಸ ಮುಂದೆ ಎಲ್ಲಕ್ಕಿಂತ ದೊಡ್ಡದಾಯಿತು. 1987ರ ಏಪ್ರಿಲ್‌ನಲ್ಲಿ ಪೊಲೀಸರು ನ್ಯಾಯಾಲಯದ ಆದೇಶ ಪಡೆದು ರಿಜ್‌ವೇಯ ಮನೆಯನ್ನು ಶೋಧಿಸಿದರು. ಬಂಧಿಸಲು ಸಾಕಾಗುವಷ್ಟು ಏನೂ ಸಿಗಲಿಲ್ಲ. ಆಗ ಗಾಯಕ್ಕೆ ಕಟ್ಟುವ ತೆಳುಬಟ್ಟೆಯ ಚೂರೊಂದನ್ನು ಅವನಿಂದ ಜಗಿಸಿ, ಎಂಜಲಿನ ಮಾದರಿಯನ್ನು ತೆಗೆದು ಭದ್ರವಾಗಿ ಇರಿಸಿದರು. ಅಂದಿನ ಡಿಎನ್‌ಎ ವಿಧಾನಕ್ಕೆ ದೊಡ್ಡ ಪ್ರಮಾಣದ ಮಾದರಿ ಬೇಕಾಗುತ್ತಿತ್ತು. ಶವಗಳ ಮೇಲೆ ಸಿಕ್ಕ ಅತ್ಯಲ್ಪ ಕುರುಹನ್ನು ಅದು ಓದಲಾರದಾಗಿತ್ತು. ಬಟ್ಟೆಯ ಚೂರು ಹದಿನಾಲ್ಕು ವರ್ಷ ಕಾಯಿತು. 2001ರಲ್ಲಿ ಹೊಸ ವಿಧಾನದಿಂದ ಪರೀಕ್ಷಿಸಿದಾಗ ಮೃತರ ಮೈಮೇಲಿನ ಕುರುಹೂ ಈ ಎಂಜಲೂ ಒಬ್ಬನವೇ ಎಂದು ಖಚಿತವಾಯಿತು. ನವೆಂಬರ್ 30ರಂದು ರಿಜ್‌ವೇಯ ಬಂಧನವಾಯಿತು. 1982ರಲ್ಲಿ ಯುವ ಪತ್ತೇದಾರನಾಗಿ ಈ ಪ್ರಕರಣಕ್ಕೆ ಬಂದಿದ್ದ ರೈಕರ್ಟ್ ಆ ಹೊತ್ತಿಗೆ ಅದೇ ಕೌಂಟಿಯ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥನಾಗಿದ್ದರು.

ಮೊದಲು ಹೊರಿಸಿದ್ದು ನಾಲ್ಕು ಕೊಲೆಗಳ ಆರೋಪ. ಬಳಿಕ ಕೆಲವರ ಬಟ್ಟೆಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಣ್ಣದ ಕಣಗಳು ದೊರೆತವು. ಅವು ಅವನು ಕೆಲಸ ಮಾಡುತ್ತಿದ್ದ ಲಾರಿ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಬಗೆಯ ಬಣ್ಣದವು. ಇದರಿಂದ ಇನ್ನೂ ಮೂರು ಆರೋಪಗಳು ಸೇರಿದವು. ಒಟ್ಟು ಏಳು. ಅಲ್ಲಿಗೆ ಸಾಕ್ಷ್ಯ ಮುಗಿಯಿತು. ಉಳಿದ ಹತ್ತಾರು ಹೆಣ್ಣುಮಕ್ಕಳ ವಿಷಯದಲ್ಲಿ ಸಂಶಯವಿತ್ತೇ ಹೊರತು ಪುರಾವೆ ಇರಲಿಲ್ಲ.

ಇಲ್ಲಿಯೇ ಕಿಂಗ್ ಕೌಂಟಿಯ ಪ್ರಾಸಿಕ್ಯೂಟರ್ ನಾರ್ಮ್ ಮೆಲೆಂಗ್ ಅವರ ಧರ್ಮಸಂಕಟ ಆರಂಭವಾಯಿತು. ಮರಣದಂಡನೆಯ ವಿಷಯದಲ್ಲಿ ಚೌಕಾಸಿ ಇಲ್ಲವೆಂದು ಅವರು ಮೊದಲೇ ಸಾರಿದ್ದರು. 2003ರಲ್ಲಿ ಆಪಾದಿತನ ವಕೀಲರು ಒಂದು ಪ್ರಸ್ತಾಪ ತಂದರು: ಜೀವ ಉಳಿಸುವುದಾದರೆ ಅವನು ಎಲ್ಲ ಕೊಲೆಗಳನ್ನೂ ಒಪ್ಪಿಕೊಳ್ಳುತ್ತಾನೆ, ಶವಗಳಿರುವ ಜಾಗಗಳನ್ನೂ ತೋರಿಸುತ್ತಾನೆ. ಅಮೆರಿಕದಲ್ಲಿ ಬಹುಪಾಲು ಮೊಕದ್ದಮೆಗಳು ಇಂಥ ತಪ್ಪೊಪ್ಪಿಗೆಯ ಒಪ್ಪಂದದಿಂದಲೇ ಮುಗಿಯುತ್ತವೆ. ಭಾರತದ ಕಾನೂನಿನಲ್ಲಿಯೂ ಅದಕ್ಕೆ ಅವಕಾಶವಿದೆ. ಆದರೆ ಮರಣದಂಡನೆ, ಜೀವಾವಧಿ ಅಥವಾ ಏಳು ವರ್ಷಕ್ಕೆ ಮೀರಿದ ಸೆರೆವಾಸ ವಿಧಿಸಬಹುದಾದ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಮೆಲೆಂಗ್ ಅವರ ಮುಂದಿದ್ದ ಆಯ್ಕೆ ನಿಚ್ಚಳವಾಗಿತ್ತು. ಏಳು ಕೊಲೆಗಳಿಗೆ ಗಲ್ಲು ಕೇಳಿ ಉಳಿದ ನಲವತ್ತೊಂದನ್ನು ಕತ್ತಲಲ್ಲಿಯೇ ಬಿಡುವುದು ಒಂದು. ನಲವತ್ತೆಂಟಕ್ಕೂ ಸತ್ಯವನ್ನು ಪಡೆದು ಹಂತಕನನ್ನು ಬದುಕಗೊಡುವುದು ಇನ್ನೊಂದು. ಅವರು ಸತ್ಯವನ್ನು ಆರಿಸಿಕೊಂಡರು. ದಯೆ ತೋರಲು ಈ ಒಪ್ಪಂದ ಮಾಡಿಕೊಂಡದ್ದಲ್ಲ, ಮೃತರ ಕುಟುಂಬಗಳಿಗಾಗಿ ಮಾಡಿಕೊಂಡದ್ದು ಎಂಬುದು ಅವರ ಸಮರ್ಥನೆಯಾಗಿತ್ತು.

ಆ ಬೇಸಿಗೆಯಿಡೀ ತನಿಖಾಧಿಕಾರಿಗಳು ರಿಜ್‌ವೇಯನ್ನು ಪ್ರಶ್ನಿಸಿದರು; ಕಾಡುಮೇಡುಗಳಿಗೆ ಕರೆದೊಯ್ದು ಅಗೆಸಿದರು. ತಾನು ಕೊಂದವರ ಮುಖಗಳು ಅವನಿಗೆ ನೆನಪಿರಲಿಲ್ಲ, ಜಾಗಗಳು ನೆನಪಿದ್ದವು. ಇಪ್ಪತ್ತು ವರ್ಷಗಳಿಂದ ಸಿಗದಿದ್ದ ಕೆಲವರ ಅವಶೇಷಗಳು ಹಾಗೆ ದೊರೆತವು. ಅವರಲ್ಲಿ, ತಂದೆ ಬೀದಿ ಬೀದಿ ಅಲೆದು ಹುಡುಕಿದ್ದ ಆ ಹದಿನೆಂಟರ ಯುವತಿಯೂ ಒಬ್ಬಳು. ಸರ್ಕಾರ ಏಳು ಕೊಲೆಗಳ ವಿಚಾರಣೆಗಷ್ಟೇ ಹೋಗಿದ್ದರೆ ಆ ಮನೆಯವರಿಗೆ ಮಣ್ಣು ಮಾಡುವ ಭಾಗ್ಯವೂ ಇರುತ್ತಿರಲಿಲ್ಲ.

ಡಿಸೆಂಬರ್ 18ರಂದು ಶಿಕ್ಷೆ ಪ್ರಕಟವಾಯಿತು. ಅದಕ್ಕೆ ಮೊದಲು ನ್ಯಾಯಾಧೀಶ ರಿಚರ್ಡ್ ಜೋನ್ಸ್ ಅವರ ಮುಂದೆ ಮೃತರ ತಾಯಂದಿರು, ತಂದೆಯರು, ಒಡಹುಟ್ಟಿದವರು ಒಬ್ಬೊಬ್ಬರಾಗಿ ಎದ್ದು ಮಾತನಾಡಿದರು. ಹಲವರು ಶಪಿಸಿದರು, ಅವನು ಕದಲಲಿಲ್ಲ. ಮಗಳನ್ನು ಕಳೆದುಕೊಂಡ ಒಬ್ಬ ವೃದ್ಧ ಮಾತ್ರ, ಕ್ಷಮಿಸುವುದು ಬಹಳ ಕಷ್ಟವಾದರೂ ದೇವರ ಆಜ್ಞೆಯಂತೆ ಕ್ಷಮಿಸಿದ್ದೇನೆ ಎಂಬರ್ಥದ ಮಾತನ್ನಾಡಿದ. ಆಗ ರಿಜ್‌ವೇಯ ಕಣ್ಣಲ್ಲಿ ನೀರು ಬಂದಿತು. ನಲವತ್ತೆಂಟು ಜೀವಾವಧಿ ಶಿಕ್ಷೆಗಳು, ಒಂದಾದ ಮೇಲೊಂದರಂತೆ, ಬಿಡುಗಡೆಯ ಅವಕಾಶವಿಲ್ಲದೆ, ಇದು ತೀರ್ಪು.

ಒಪ್ಪಂದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅದೇ ರಾಜ್ಯದಲ್ಲಿ ಮೂವರನ್ನು ಕೊಂದು ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ನೇರ ಪ್ರಶ್ನೆ ಇಟ್ಟ: ನಲವತ್ತೆಂಟು ಜನರನ್ನು ಕೊಂದವನು ಬದುಕಬಹುದಾದರೆ ತಾನು ಮಾತ್ರ ಸಾಯಬೇಕಾದದ್ದು ಯಾವ ನ್ಯಾಯ? 2006ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅವನ ವಾದವನ್ನು ತಳ್ಳಿಹಾಕಿತು, ಆದರೆ ಐದಕ್ಕೆ ನಾಲ್ಕು ಮತಗಳಿಂದ ಮಾತ್ರ. ಪ್ರಶ್ನೆ ಅಲ್ಲಿಗೆ ಸಾಯಲಿಲ್ಲ. 2018ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ಮರಣದಂಡನೆಯನ್ನು ಮನಬಂದಂತೆ ಮತ್ತು ಜನಾಂಗೀಯ ಪಕ್ಷಪಾತದಿಂದ ವಿಧಿಸಲಾಗುತ್ತಿದೆ ಎಂದು ಒಮ್ಮತದಿಂದ ಹೇಳಿ, ಅದನ್ನು ಅಸಿಂಧುವೆಂದು ಸಾರಿತು. 2023ರಲ್ಲಿ ಶಾಸನಸಭೆ ಅದನ್ನು ಕಾನೂನಿನ ಪುಸ್ತಕದಿಂದಲೇ ತೆಗೆದುಹಾಕಿತು. ನ್ಯಾಯದ ತಕ್ಕಡಿ ಎಲ್ಲರಿಗೂ ಒಂದೇ ಆಗಿರಬೇಕೆಂಬ ತತ್ತ್ವಕ್ಕೆ ರಿಜ್‌ವೇಯ ಒಪ್ಪಂದ ಧಕ್ಕೆ ತಂದಿತೆಂಬ ಮಾತಿನಲ್ಲಿ ಹುರುಳಿದೆ.

ಆದರೂ ಮೆಲೆಂಗ್ ಅವರು ಮಾಡಿದ ಆಯ್ಕೆಯ ಫಲ ಇಪ್ಪತ್ತು ವರ್ಷ ಬರುತ್ತಲೇ ಇತ್ತು. ಕೌಂಟಿಯಲ್ಲಿ ಮುಂದೆ ಬೆಳಕಿಗೆ ಬರುವ ಕೊಲೆಗಳನ್ನೂ ಒಪ್ಪಿಕೊಳ್ಳಬೇಕೆಂಬ ಕರಾರಿನಂತೆ 2011ರಲ್ಲಿ ರಿಜ್‌ವೇ ನಲವತ್ತೊಂಬತ್ತನೆಯ ಕೊಲೆಯನ್ನು ಒಪ್ಪಿಕೊಂಡ. 2003ರ ಪಟ್ಟಿಯಲ್ಲಿ ನಾಲ್ವರಿಗೆ ಹೆಸರೇ ಇರಲಿಲ್ಲ. ಅವರು ಕಡತದಲ್ಲಿ ಮೂಳೆಗಳ ಸಂಖ್ಯೆಗಳಾಗಿ ಮಾತ್ರ ಇದ್ದರು. ಡಿಎನ್‌ಎ ನೆರವಿನಿಂದ ಅವರನ್ನು ಗುರುತಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. 2012ರಲ್ಲಿ ಒಬ್ಬಳು, 2021ರಲ್ಲಿ ಹದಿನಾಲ್ಕು ವರ್ಷದ ಒಬ್ಬ ಬಾಲಕಿ, 2023ರಲ್ಲಿ ಇನ್ನೊಬ್ಬಳು, 2024ರ ಜನವರಿಯಲ್ಲಿ ಕೊನೆಯವಳು ಯಾರೆಂದು ತಿಳಿಯಿತು. ಹೆಸರಿಲ್ಲದ ಅವಶೇಷ ಈಗ ಆ ಪ್ರಕರಣದಲ್ಲಿ ಒಂದೂ ಉಳಿದಿಲ್ಲ.

ಇವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಂಬಿ ರಿಜ್‌ವೇ ಕೊಲೆಗಳನ್ನು ಮಾಡಿದ್ದ. ಕಾನೂನು ತಡಮಾಡಿತು, ಒಮ್ಮೆ ಅವನ ಬಾಗಿಲಿನಿಂದಲೇ ಹಿಂದಿರುಗಿತು, ಕಡೆಗೆ ಅವನೊಡನೆಯೇ ಒಪ್ಪಂದ ಮಾಡಿಕೊಂಡಿತು. ಆದರೆ ಲೆಕ್ಕ ಹಾಕುವುದನ್ನು ಬಿಡಲಿಲ್ಲ.