ಬೆಕ್ಕಿರುವ ಮನೆಗೆ ಯಾವ ಗಿಡ?

ಅಂಗಳವಿದ್ದ ಮನೆ ಬಿಟ್ಟು ಫ್ಲ್ಯಾಟಿಗೆ ಬಂದ ಗೃಹಿಣಿ ಮೊದಲು ಹುಡುಕುವುದು ನಾಲ್ಕು ಕುಂಡ ಇಡಲು ಜಾಗವನ್ನು. ಸೋಫಾದ ಪಕ್ಕ ಅಗಲ ಎಲೆಯ ಗಿಡ, ಕಿಟಕಿಯ ಬಳಿ ಬಾಟಲಿಯಲ್ಲಿ ಮನಿ ಪ್ಲಾಂಟ್, ಬಾಲ್ಕನಿಯಲ್ಲಿ ಲೋಳೆಸರ. ಅದೇ ಮನೆಗೆ ಮಕ್ಕಳ ಹಟಕ್ಕೆ ಒಂದು ಪರ್ಷಿಯನ್ ಬೆಕ್ಕೂ ಬಂದಿರುತ್ತದೆ. ಊರಿನ ಬೆಕ್ಕಿಗೆ ಹಿತ್ತಿಲಿತ್ತು, ಹುಲ್ಲಿತ್ತು, ಏರಲು ಹಂಚಿನ ಮಾಡಿತ್ತು. ಫ್ಲ್ಯಾಟಿನ ಬೆಕ್ಕಿಗೆ ಹಸಿರೆಂದರೆ ನಿಮ್ಮ ಕುಂಡಗಳೇ. ಅದು ಎಲೆ ಕಚ್ಚುತ್ತದೆ, ಬಳ್ಳಿ ಎಳೆಯುತ್ತದೆ, ಮಣ್ಣು ಕೆದಕುತ್ತದೆ. ಬೈದು ಪ್ರಯೋಜನವಿಲ್ಲ. ಗಿಡ ಆರಿಸುವಾಗಲೇ ಎಚ್ಚರ ಬೇಕು.

ಮೊದಲು ಲಿಲ್ಲಿಯ ಮಾತು. ಮದುವೆ ಮನೆಯ ದುಬಾರಿ ಬೊಕೆಗಳಲ್ಲಿ ಉದ್ದ ಮೊಗ್ಗಿನ, ಕಹಳೆಯಂತೆ ಅರಳುವ, ಘಮಘಮಿಸುವ ಹೂವಿರುತ್ತದಲ್ಲ, ಅದೇ. ಬೆಕ್ಕಿನ ಪಾಲಿಗೆ ಅದು ವಿಷ. ಒಂದೆರಡು ಎಲೆ ತಿಂದರೆ ಸಾಕು. ಮೈಗಂಟಿದ ಪರಾಗದ ಹುಡಿಯನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಕಿಡ್ನಿ ಕೆಡಬಹುದು. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಮಂಕು. ಬಳಿಕ ವಾಂತಿ ನಿಂತು, ಗುಣವಾಯಿತೆಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಒಂದರಿಂದ ಮೂರು ದಿನಗಳೊಳಗೆ ಕಿಡ್ನಿ ಕೈಕೊಡುತ್ತದೆ. 18 ಗಂಟೆಗಳೊಳಗೆ ಡ್ರಿಪ್ ಹಾಕಿಸಿ ಚಿಕಿತ್ಸೆ ಆರಂಭಿಸಿದರೆ ಬದುಕಿಸುವ ಅವಕಾಶ ಹೆಚ್ಚು, ತಡವಾದಷ್ಟೂ ಕಷ್ಟ. ಆದ್ದರಿಂದ ಬೊಕೆಯಲ್ಲಿ ಲಿಲ್ಲಿ ಕಂಡರೆ ಮನೆಯೊಳಗೆ ತರಲೇಬೇಡಿ. ಬೆಕ್ಕಿಲ್ಲದ ನೆರೆಮನೆಗೆ ಕೊಟ್ಟುಬಿಡಿ, ಅವರಿಗೂ ಸಂತೋಷ. ಡೇ ಲಿಲ್ಲಿಯೂ ಇಷ್ಟೇ ಅಪಾಯಕಾರಿ. ನರ್ಸರಿಯಲ್ಲಿ ಸಿಗುವ ಪೀಸ್ ಲಿಲ್ಲಿ ಮಾತ್ರ ನಿಜವಾದ ಲಿಲ್ಲಿಯಲ್ಲ. ಅದು ಕೆಸುವಿನ ಕುಟುಂಬಕ್ಕೆ ಸೇರಿದ್ದು.

ಕೆಸು ಎಂದರೆ ಪತ್ರೊಡೆ ಮಾಡುವ ನಮಗೆ ಹೆಚ್ಚು ವಿವರಿಸಬೇಕಿಲ್ಲ. ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದಲ್ಲ, ಎಲೆಯೊಳಗಿನ ಸೂಜಿಯಂತಹ ಆಕ್ಸಲೇಟ್ ಹರಳುಗಳು ಮಾಡುವ ಕೆಲಸವದು. ಇದೇ ಹರಳು ಮನಿ ಪ್ಲಾಂಟ್, ಸಿಂಗೋನಿಯಂ, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಅಗ್ಲೋನಿಮಾಗಳಲ್ಲೂ ಇದೆ. ಅಂದರೆ ನಮ್ಮ ಚಾವಡಿಯ ಅರ್ಧಕ್ಕರ್ಧ ಗಿಡಗಳಲ್ಲಿ! ಕಚ್ಚಿದ ಬೆಕ್ಕಿನ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ, ಹಿಂಸೆಯಂತೂ ಹೌದು. ಇದೇ ಕುಟುಂಬದ ಡಿಫೆನ್‌ಬೇಕಿಯಾವನ್ನು ಅಂಬೆಗಾಲಿಕ್ಕುವ ಮಕ್ಕಳಿರುವ ಮನೆಯಲ್ಲಂತೂ ಇಡಲೇಬಾರದು. ಜಗಿದರೆ ನಾಲಗೆ ಊದಿ ಮಾತೇ ಹೊರಡುವುದಿಲ್ಲ. ಮನಿ ಪ್ಲಾಂಟ್ ಹಣ ತರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಇಟ್ಟಿದ್ದರೆ ಅದನ್ನು ಹೊರಗೆ ಹಾಕಲು ಹಿಂಜರಿಯಬೇಡಿ.

ಲೋಳೆಸರದ ವಿಷಯದಲ್ಲಿ ಅನೇಕರಿಗೆ ಆಶ್ಚರ್ಯವಾಗಬಹುದು. ತಲೆಗೆ ಹಚ್ಚುವ ತಿರುಳು ಬೇರೆ, ಸಿಪ್ಪೆಯ ಒಳಗಿನ ಹಳದಿ ರಸ ಬೇರೆ. ಆ ರಸದಿಂದ ಬೆಕ್ಕು, ನಾಯಿಗಳಿಗೆ ವಾಂತಿಭೇದಿಯಾಗುತ್ತದೆ. ಕಣಗಿಲೆ, ಅಡೇನಿಯಂ, ಕಲಾಂಚೊ ಹೃದಯಕ್ಕೇ ತೊಂದರೆ ಕೊಡುವಂಥವು. ಕಾವಲಿಗೆ ನಾಯಿ ಸಾಕಿದ ತೋಟದ ಮನೆಗಳಲ್ಲಿ ಗೇಟಿನ ಬಳಿ ಅಂದಕ್ಕೆಂದು ಸೈಕಸ್ ನೆಡುವುದುಂಟು. ಸೇಗೊ ಪಾಮ್ ಎಂದು ಕರೆದರೂ ಅದು ತಾಳೆಜಾತಿಯಲ್ಲ. ಅದರ ಬೀಜ ತಿಂದ ನಾಯಿಯ ಯಕೃತ್ತು ಹಾಳಾಗುತ್ತದೆ. ಲವ್ ಬರ್ಡ್ಸ್ ಸಾಕುವವರು ಬೆಣ್ಣೆಹಣ್ಣಿನ ಬೀಜವನ್ನು ಗ್ಲಾಸಿನ ನೀರಿನಲ್ಲಿ ಮೊಳೆಸಿ ಪಂಜರದ ಬಳಿ ಇಡಬಾರದು. ಅದರ ಎಲೆ, ಹಣ್ಣು ಎರಡೂ ಹಕ್ಕಿಗಳಿಗೆ ವಿಷ.

ಹಾಗಾದರೆ ಇಡುವುದೇನನ್ನು? ಬೇಕಾದಷ್ಟಿದೆ. ಮೂಲೆಗೆ ಎತ್ತರದ ಅರೆಕಾ ಪಾಮ್, ನೇತುಹಾಕಲು ಸ್ಪೈಡರ್ ಪ್ಲಾಂಟ್ ಮತ್ತು ಬೋಸ್ಟನ್ ಫರ್ನ್. ಎಲೆಯ ಬಣ್ಣವೇ ಬೇಕೆನ್ನುವವರಿಗೆ ಕಲಾತಿಯಾ, ಮೇಜಿನ ಮೇಲಿಡಲು ಪೆಪರೋಮಿಯಾ. ನನ್ನ ಮೆಚ್ಚುಗೆ ಸ್ಪೈಡರ್ ಪ್ಲಾಂಟಿಗೆ. ಬೆಕ್ಕು ಅರ್ಧ ಕಿತ್ತರೂ ಅದು ಮತ್ತೆ ಚಿಗುರುತ್ತದೆ, ಮರಿಗಳನ್ನು ಬಿಡಿಸಿ ನೆಟ್ಟರೆ ದುಡ್ಡಿಲ್ಲದೆ ಹತ್ತು ಕುಂಡವಾಗುತ್ತದೆ. ಹೂವು ಬೇಕಾದರೆ ಆಫ್ರಿಕನ್ ವಯಲೆಟ್ ಇದೆ, ಆದರೆ ಕರಾವಳಿಯ ಸೆಕೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲ.

ಬೆಕ್ಕಿಗೆಂದೇ ಒಂದು ಕುಂಡ ಮಾಡಿಕೊಡಿ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ ಮಣ್ಣಿನಲ್ಲಿ ಚೆಲ್ಲಿದರೆ ವಾರ, ಹತ್ತು ದಿನಗಳಲ್ಲಿ ಎಳೆಹುಲ್ಲು ಸಿದ್ಧ. ಅಂಗಡಿಯ ಬೀಜಕ್ಕೆ ಔಷಧಿ ಹಚ್ಚಿರಬಹುದು, ಅಡುಗೆಮನೆಯ ಗೋಧಿಯೇ ಒಳ್ಳೆಯದು. ಉಳಿದ ಕುಂಡಗಳ ಮಣ್ಣನ್ನು ಬೆಕ್ಕು ಶೌಚಕ್ಕೆ ಬಳಸದಂತೆ ಮೇಲೆ ದಪ್ಪ ಕಲ್ಲು ಅಥವಾ ಗೆರಟೆಯ ಚೂರು ಹರಡಿ. ಮೂಳೆ ಹುಡಿಯ ಗೊಬ್ಬರ ಹಾಕಿದರೆ ಅದರ ವಾಸನೆಗೆ ನಾಯಿ ಕುಂಡವನ್ನೇ ಬಗೆಯುತ್ತದೆ.

ಇಷ್ಟಾಗಿಯೂ ಏನಾದರೂ ತಿಂದಿತೆಂದು ಅನುಮಾನ ಬಂದರೆ ಬಾಯಿಯಲ್ಲಿರುವುದನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಮೈಮೇಲೆ ಪರಾಗವಿದ್ದರೆ ತೊಳೆಯಿರಿ. ಕಚ್ಚಿದ ಗಿಡದ ಒಂದು ಎಲೆಯನ್ನು ಹಿಡಿದುಕೊಂಡೇ ಪಶುವೈದ್ಯರ ಬಳಿ ಹೋಗಿ. ವೈದ್ಯರಿಗೆ ಅದು ದೊಡ್ಡ ಸಹಾಯ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ. ಮೈ ಬಿಸಿ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನಂತೂ ಕೊಡಲೇಬೇಡಿ. ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲುದು.