ಸರಿಯಾಗಿ ವಿಚಾರಿಸಿಕೊಳ್ಳುತ್ತಾರೆ!

ನಮ್ಮ ಬೀದಿಯ ಮನೆಯೊಂದರಲ್ಲಿ ಎರಡೆಳೆಯ ಸರ ಕಾಣೆಯಾಯಿತು. ಅನುಮಾನ ಕೂಡಲೇ ಪಾತ್ರೆ ತಿಕ್ಕುವ ಹೆಂಗಸಿನ ಮೇಲೆ ಹೋಯಿತು. ಸಭ್ಯರೂ ವಿದ್ಯಾವಂತರೂ ಆದ ಯಜಮಾನರು ಕಾಫಿ ಕುಡಿಯುತ್ತ, “ಸ್ಟೇಷನ್ನಿಗೆ ತಿಳಿಸಿದ್ದೇನೆ, ಸರಿಯಾಗಿ ವಿಚಾರಿಸಿಕೊಳ್ಳುತ್ತಾರೆ” ಎಂದರು. ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಆ ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಕನ್ನಡ ಪಾಠ ಹೇಳುವುದು ನನ್ನ ಕಸುಬು. ಮನೆಗೆ ಬಂದ ನೆಂಟರ ಯೋಗಕ್ಷೇಮ ಕೇಳಿ ಉಪಚರಿಸುವುದಕ್ಕೆ ನಾವು ‘ವಿಚಾರಿಸಿಕೊಳ್ಳುವುದು’ ಎನ್ನುತ್ತೇವೆ. ಅದೇ ಮಾತು ಠಾಣೆಯ ಹೊಸ್ತಿಲು ದಾಟಿದೊಡನೆ ಏಟಿನ ಹೆಸರಾಗುತ್ತದೆ. ಪತ್ರಿಕೆಗಳೂ ‘ಲಾಠಿ ರುಚಿ ತೋರಿಸಿದರು’ ಎಂದು ಬರೆಯುತ್ತವೆ. ರುಚಿ ನೋಡಲು ಅದೇನು ಹಬ್ಬದೂಟವೆ?

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಕಾಯಿದೆಯೇ ವಿಧಿಸಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಪರಂಗಿ ಸರ್ಕಾರಕ್ಕೂ ತನ್ನ ಪೊಲೀಸರ ಲಾಠಿಯ ಮೇಲೆ ಅಷ್ಟು ಗುಮಾನಿಯಿತ್ತು! 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 11 ನಿಯಮಗಳನ್ನು ಕೊಟ್ಟಿತು: ಬಂಧಿಸುವವನ ಹೆಸರು ಎಲ್ಲರಿಗೂ ಕಾಣುವಂತಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ರುಜು ಬೀಳಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು.

ಇಷ್ಟಾದ ಮೇಲೂ ಏನಾಯಿತು? 2020ರ ಜೂನಿನಲ್ಲಿ, ಲಾಕ್‌ಡೌನ್ ಕಾಲದಲ್ಲಿ ಹೊತ್ತು ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ತಮಿಳುನಾಡಿನ ಸಾತ್ತಾಂಕುಳಂ ಪೊಲೀಸರು ಹಿಡಿದೊಯ್ದ ತಂದೆ, ಮಗ ಇಬ್ಬರೂ ಕೆಲವೇ ದಿನಗಳಲ್ಲಿ ಸತ್ತರು. ಹೈಕೋರ್ಟು ಕಳುಹಿಸಿದ ಮ್ಯಾಜಿಸ್ಟ್ರೇಟರು ಹೋಗಿ ನೋಡಿದರೆ, ಠಾಣೆಯಲ್ಲಿ ಕ್ಯಾಮೆರಾ ಇತ್ತು; ಆದರೆ ಅದರ ಚಿತ್ರ ದಿನದಿನವೂ ತಾನಾಗಿ ಅಳಿಸಿಹೋಗುವಂತೆ ಏರ್ಪಾಡಾಗಿತ್ತು! ರಾತ್ರಿಯೆಲ್ಲ ಹೊಡೆದರೆಂದು ಧೈರ್ಯವಾಗಿ ಸಾಕ್ಷಿ ನುಡಿದವರು ಅದೇ ಠಾಣೆಯ ಒಬ್ಬ ಮಹಿಳಾ ಮುಖ್ಯ ಪೇದೆ. ಎಲ್ಲ ಠಾಣೆಗಳಲ್ಲಿಯೂ ಅಂಥವರೊಬ್ಬರು ಇರುತ್ತಾರೆಂದು ನಂಬಿ ಕೂರಬಹುದೆ?

ಬೇಲಿ ಹೊಲ ಮೇಯುವುದು ಹಳೆಯ ಕಥೆ. ಮೇಯ್ದದ್ದರ ಲೆಕ್ಕವನ್ನೂ ಬೇಲಿಯೇ ಬರೆಯುವುದು ನಮ್ಮ ಠಾಣೆಗಳ ಕಥೆ. ಪೊಲೀಸರ ವಶದಲ್ಲಿದ್ದವನ ಮೈಮೇಲೆ ಗಾಯವಾದರೆ, ಅದನ್ನು ಮಾಡಿದವರು ಪೊಲೀಸರೇ ಎಂದು ನ್ಯಾಯಾಲಯ ಊಹಿಸಿಕೊಳ್ಳಲು ಅವಕಾಶವಿರಲಿ ಎಂದು ಕಾನೂನು ಆಯೋಗ 1985ರಲ್ಲೇ ಶಿಫಾರಸು ಮಾಡಿತು. ಅದು ಕಾಯಿದೆಯ ಪುಟ ಸೇರಲಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಭಾರತ ಸಹಿ ಹಾಕಿತು. ಅನುಮೋದನೆ ಮಾತ್ರ ಕೊಡಲಿಲ್ಲ.

“ಏಟಿಲ್ಲದೆ ಕಳ್ಳ ಬಾಯಿ ಬಿಡುತ್ತಾನೆಯೆ?” ಎಂದು ಕೇಳುವವರಿದ್ದಾರೆ. ಏಟಿಗೆ ಕಳ್ಳನೂ ಬಾಯಿ ಬಿಡುತ್ತಾನೆ, ಕಳ್ಳನಲ್ಲದವನೂ ಬಿಡುತ್ತಾನೆ. ಹೀಗಿರುವಾಗ ಪತ್ತೆಯಾದದ್ದು ಕಳವೋ, ಬರಿಯ ನೋವೋ?

ಮರುದಿನ ಯಜಮಾನರಲ್ಲಿಗೆ ಹೋಗಿ, “ದೂರನ್ನು ಬರೆದು ಕೊಡಿ. ಆಕೆಯನ್ನು ಕರೆಸಿದರೆ ಜೊತೆಗೆ ನಾನೂ ಹೋಗುತ್ತೇನೆ” ಎಂದೆ. “ಕಳೆದದ್ದು ನಿಮ್ಮ ಸರವಲ್ಲವಲ್ಲ, ಮೇಷ್ಟ್ರೇ!” ಎಂದರು.

ನಿಜ, ಸರ ನನ್ನದಲ್ಲ. ಆದರೆ ಏಟು ತಿನ್ನುವ ಬೆನ್ನೂ ಅವರದಲ್ಲ.