ಸಸಿ ಎಣಿಸಲು ಎಲ್ಲರೂ ಇದ್ದಾರೆ, ಗಿಡ ಹತ್ತುವವನಿಗೆ ಕೂಲಿ ಕೊಡುವವರು ಯಾರು?

ಮುಂಗಾರಿಗೆ ಮೊದಲು, ಮೇ ತಿಂಗಳ ಬಿಸಿಲಲ್ಲಿ, ಸಿಂದಗಿಯಿಂದ ಇಂಡಿ ಕಡೆಗೋ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ಕಡೆಗೋ ಒಮ್ಮೆ ಹೋಗಿ ಬನ್ನಿ. ತಂತಿ ಕೆಳಗಿನ ಬೇವಿನ ಗಿಡಗಳು ಒಂದು ಮಗ್ಗುಲು ಪೂರಾ ಬೋಳಾಗಿ, ಇನ್ನೊಂದು ಮಗ್ಗುಲಿಗೆ ವಾಲಿ ನಿಂತಿರುತ್ತವೆ. ಕೆಲವಕ್ಕೆ ತಲೆಯೇ ಇಲ್ಲ. ಕೊಡಲಿ ಏಟು ಬಿದ್ದ ಜಾಗದಿಂದ ತೊಗಟೆ ಎರಡು-ಮೂರು ಅಡಿ ಸೀಳಿಕೊಂಡು ಕೆಳಗೆ ಇಳಿದಿರುತ್ತದೆ. (ನಮ್ಮ ಕಡೆ ನೂರು ವರ್ಷದ ಆಲಕ್ಕೂ ಗಿಡ ಅಂತಲೇ ಅನ್ನೋದು. ಇಲ್ಲೂ ಹಾಗೇ ಬರೆಯುತ್ತೇನೆ.)

ಇದಾದ ಕೆಲವೇ ದಿನಕ್ಕೆ ಜೂನ್ 5 ಬರುತ್ತದೆ. ಅದೇ ರಸ್ತೆಯಲ್ಲಿ ಶಾಮಿಯಾನ, ಒಂದು ಸಸಿ, ಅದನ್ನು ಹಿಡಿದುಕೊಂಡ ಹನ್ನೆರಡು ಕೈ, ಫೋಟೋ.

ತಂತಿಗೆ ತಾಗುವ ಟೊಂಗೆ ಕಡಿಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಕಡಿಯದಿದ್ದರೆ ಮೊದಲ ಗಾಳಿ-ಮಳೆಗೇ ಕರೆಂಟ್ ಹೋಗುತ್ತದೆ, ತಂತಿ ಹರಿದು ದನ-ಕರು, ಮನುಷ್ಯರು ಸಾಯುತ್ತಾರೆ. ನನ್ನ ತಕರಾರು ಬೇರೆ: ಯಾರು ಕಡಿಯುತ್ತಾರೆ, ಹೇಗೆ ಕಡಿಯುತ್ತಾರೆ, ಅವರಿಗೆ ಏನು ಸಿಗುತ್ತದೆ? ಈ ಮೂರಕ್ಕೆ ಉತ್ತರ ಹುಡುಕಿದರೆ ನಮ್ಮ ಹಸಿರು ಅಭಿಯಾನಗಳ ದೊಡ್ಡ ತೂತು ಕಾಣುತ್ತದೆ.

ವಿಜಯಪುರ ಜಿಲ್ಲೆಯ ಸ್ಥಿತಿ ಗೊತ್ತಿರುವುದೇ. 1988ರ ರಾಷ್ಟ್ರೀಯ ಅರಣ್ಯ ನೀತಿ ಭೂಪ್ರದೇಶದ ಮೂರನೇ ಒಂದು ಭಾಗ ಹಸಿರಿರಬೇಕು ಅನ್ನುತ್ತದೆ; ರಾಜ್ಯದಲ್ಲೇ ಅರಣ್ಯ ತೀರಾ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮದೊಂದು. ಎಂ.ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ ಶುರುವಾದ ಕೋಟಿ ವೃಕ್ಷ ಅಭಿಯಾನ ಈ ಬರಡುತನಕ್ಕೆ ಕೊಟ್ಟ ಗಂಭೀರ ಉತ್ತರವೇ. ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಕಾಡೇ ಇಲ್ಲದ ಊರಲ್ಲಿ ಕಾಡು ಅಂದರೆ ಯಾವುದು? ಹೊಲದ ಬದುವಿನ ಬೇವು, ಹಳ್ಳದ ದಂಡೆಯ ಜಾಲಿ, ಊರ ಮುಂದಿನ ಆಲ, ಗುಡಿ ಹಿಂದಿನ ಬನ್ನಿ, ರಸ್ತೆ ಬದಿಯ ಹುಣಸೆ. ಸರಿಯಾಗಿ ಮಳೆ ಆಗದ ಕರಿ ಮಣ್ಣಿನಲ್ಲಿ ಐವತ್ತು ವರ್ಷ ಬದುಕಿದ ಒಂದು ಬೇವು ಕೊಡುವ ನೆರಳನ್ನು ಸಾವಿರ ಸಸಿ ಸೇರಿದರೂ ಈ ವರ್ಷ ಕೊಡಲಾರವು. ಆ ಬೇವನ್ನು ಕಾಯಲು ಯಾವ ಲೆಕ್ಕಶೀರ್ಷಿಕೆಯೂ ಇಲ್ಲ.

ಈಗ ಕೂಲಿ ಲೆಕ್ಕಕ್ಕೆ ಬರೋಣ. ಗಿಡ ಹತ್ತುವ ಕೆಲಸದವರನ್ನು ಯಾವ ಊರಲ್ಲಿ ಮಾತಾಡಿಸಿದರೂ ಒಪ್ಪಂದ ಹೆಚ್ಚುಕಡಿಮೆ ಒಂದೇ: “ಕಟ್ಟಿಗಿ ನೀವ ಒಯ್ರಿ, ಕೂಲಿ ಕೇಳಬ್ಯಾಡ್ರಿ.” ಮನೆ ಮೇಲೆ ಬಾಗಿದ ಟೊಂಗೆ ಇರಲಿ, ಶಾಲೆ ಅಂಗಳದ ಒಣಗಿದ ಗಿಡ ಇರಲಿ, ಕೆಲಸಕ್ಕೆ ಸಂಬಳ ಅಂದರೆ ಬಿದ್ದ ಕಟ್ಟಿಗೆ. ಅದು ಅಡ್ಡೆಗೆ ಹೋಗಿ ತೂಕಕ್ಕೆ ಮಾರಾಟವಾದರೆ ಮಾತ್ರ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ಇದರ ಪರಿಣಾಮ ಊಹಿಸಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ. ತಂತಿಗೆ ತಾಗುವ ತೆಳ್ಳಗಿನ ಟೊಂಗೆಯಲ್ಲಿ ದುಡ್ಡಿಲ್ಲ, ಬುಡದ ದಪ್ಪ ಟೊಂಗೆಯಲ್ಲಿದೆ. ಅಂದಮೇಲೆ ಯಾವುದಕ್ಕೆ ಕೊಡಲಿ ಬೀಳುತ್ತದೆ? ಕಡಿಯುವವನನ್ನು ಬೈಯುವ ಮೊದಲು ಈ ಒಪ್ಪಂದ ಬರೆದವರು ಯಾರು ಅಂತ ಕೇಳಬೇಕು. ಹಲ್ಲು ನೋಯುತ್ತೆ ಅಂತ ಹೋದವನಿಗೆ “ಫೀಸು ಬೇಡ, ಕಿತ್ತ ಹಲ್ಲೆಲ್ಲ ನನಗೆ” ಅನ್ನುವ ಡಾಕ್ಟರ್ ಸಿಕ್ಕಂಗೆ ಇದು.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹಾಗಾಗಿ ಟೊಂಗೆ ನನಗೆ ಒಂದು ತುದಿ ಮಾತ್ರ ಬಿಗಿದ ತೊಲೆಯಂತೆ ಕಾಣುತ್ತದೆ. ಎಂಟು ಇಂಚು ದಪ್ಪ, ಹದಿಮೂರು ಅಡಿ ಉದ್ದದ ಹಸಿ ಟೊಂಗೆ ನೂರು ಕೆಜಿ ದಾಟುತ್ತದೆ. ಮೇಲಿನಿಂದ ಒಂದೇ ಸಮ ಕಡಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಆ ಭಾರಕ್ಕೆ ಅದು ಜಗ್ಗಿ, ಬುಡದ ತೊಗಟೆಯನ್ನು ಕಾಂಡದ ತನಕ ಸೀಳಿಕೊಂಡು ಬೀಳುತ್ತದೆ. ಮೊದಲೇ ಹೇಳಿದ ಸೀಳು ಅದೇ. ತಪ್ಪಿಸುವ ದಾರಿ ಸುಲಭ, ಗರಗಸ ಇದ್ದರೆ ಸಾಕು. ಮೊದಲ ಕೊಯ್ತ ಕಾಂಡದಿಂದ ಒಂದು ಮೊಳ ಆಚೆ, ಟೊಂಗೆಯ ಕೆಳಗಿನಿಂದ, ದಪ್ಪದ ಕಾಲು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡು-ಮೂರು ಇಂಚು ಆಚೆ, ಮೇಲಿನಿಂದ. ಟೊಂಗೆ ಸೀಳದೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಬೇಕು. ಆದರೆ ಕಾಂಡಕ್ಕೆ ಸಪಾಟಾಗಿ ಅಲ್ಲ. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಉಂಗುರದ ಹಾಗೆ ಉಬ್ಬಿದ ಭಾಗವಿದೆ ನೋಡಿ, ಅದನ್ನು ಗಿಡಕ್ಕೇ ಬಿಟ್ಟು ಅದರ ಹೊರಗೆ ಕೊಯ್ಯಬೇಕು.

ಆ ಉಂಗುರದ ಮಹತ್ವವನ್ನು ಜಗತ್ತಿಗೆ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ. ಸಾವಿರಾರು ಗಿಡಗಳನ್ನು ಉದ್ದಕ್ಕೆ ಸೀಳಿ ನೋಡಿದ ಅವರು ಹೇಳಿದ್ದು ಇಷ್ಟು: ನಮ್ಮ ಚರ್ಮದ ಗಾಯ ಮಾಯುವ ಹಾಗೆ ಗಿಡದ ಗಾಯ ಮಾಯುವುದಿಲ್ಲ. ಗಿಡ ಗಾಯದ ಸುತ್ತ ಒಳಗೇ ಗೋಡೆ ಕಟ್ಟಿ, ಕೊಳೆತ ಭಾಗವನ್ನು ಅಲ್ಲೇ ಕಟ್ಟಿಹಾಕಿ, ಮುಂದೆ ಬೆಳೆಯುತ್ತದೆ. ಉಂಗುರ ಕೊಯ್ದರೆ ಗೋಡೆ ಕಟ್ಟುವ ಶಕ್ತಿಯನ್ನೇ ಕೊಯ್ದ ಹಾಗೆ. ಗಾಯಕ್ಕೆ ಡಾಂಬರು, ಪೇಂಟ್ ಬಳಿಯುವುದರಿಂದ ಒಳಗಿನ ಕೊಳೆ ನಿಲ್ಲುವುದಿಲ್ಲ ಅನ್ನುವುದೂ ಅವರ ಕೆಲಸದಿಂದಲೇ ಗಟ್ಟಿಯಾದ ಮಾತು. ನಮ್ಮಲ್ಲಿ ಗಿಡದ ಆರೈಕೆ ಅಂದರೆ ಬುಡಕ್ಕೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ. ರಾತ್ರಿ ಗಾಡಿ ಓಡಿಸುವವರಿಗೆ ಅದು ಉಪಯೋಗ, ಗಿಡಕ್ಕೆ ಅಷ್ಟೇನೂ ಅಲ್ಲ.

ತಲೆ ಕಡಿಯುವುದಂತೂ ಲೆಕ್ಕದಲ್ಲೂ ನಷ್ಟದ ಕೆಲಸ. ತಲೆ ಹೋದ ಬೇವು ಹೆದರಿದ ಹಾಗೆ ಒಂದೇ ವರ್ಷದಲ್ಲಿ ಹತ್ತಾರು ಚಿಗುರು ಮೇಲಕ್ಕೆ ಎಸೆಯುತ್ತದೆ. ಅವು ಹಳೆ ಟೊಂಗೆಯಂತೆ ಕಾಂಡದ ಒಳಗಿಂದ ಬಂದವಲ್ಲ, ತೊಗಟೆಯ ಅಂಚಿಗೆ ಅಂಟಿಕೊಂಡವು. ದಪ್ಪವಾದ ಮೇಲೆ ಗಾಳಿಗೆ ಮೊದಲು ಮುರಿಯುವುದು ಅವೇ. ಅಲ್ಲಿಗೆ ತಂತಿಯ ಸಮಸ್ಯೆ ಬಗೆಹರಿಯಲಿಲ್ಲ, ಮುಂದಕ್ಕೆ ಹೋಯಿತು, ಇನ್ನಷ್ಟು ಅಪಾಯದ ರೂಪದಲ್ಲಿ. ತಂತಿ ಕಡೆ ಬೆಳೆಯುವ ಟೊಂಗೆಯನ್ನು ಪಕ್ಕದ ಟೊಂಗೆ ಕವಲೊಡೆಯುವ ಜಾಗದವರೆಗೆ ತೆಗೆದರೆ ಬೆಳವಣಿಗೆ ಬೇರೆ ದಿಕ್ಕಿಗೆ ತಿರುಗುತ್ತದೆ. ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಕೆಲಸಕ್ಕೆ ಒಳ್ಳೆ ಕಾಲ ಮೇ ಅಲ್ಲ, ಚಳಿಗಾಲದ ಕೊನೆ, ಬೇವು ಎಲೆ ಉದುರಿಸಿ ಹೊಸ ಚಿಗುರು ಒಡೆಯುವ ಮೊದಲು. ನೆರಳಲ್ಲಿದ್ದ ತೊಗಟೆಯನ್ನು ಮೇ ಬಿಸಿಲಿಗೆ ದಿಢೀರ್ ಒಡ್ಡಿದರೆ ಅದು ಸುಟ್ಟು ಬಿರಿಯುತ್ತದೆ. ಒಣ ಟೊಂಗೆ ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಲಿಂಬೆ ಬೆಳೆಯುವ ಇಂಡಿಯ ರೈತರಿಗೆ ಇದೆಲ್ಲ ಹೊಸದಲ್ಲ, ಗಮನಿಸಿ. ಒಣ ಕಡ್ಡಿ, ಕಜ್ಜಿ ರೋಗದ ಟೊಂಗೆ, ನೇರಕ್ಕೆ ಏಳುವ ನೀರುಚಿಗುರು ತೆಗೆದು, ಕೊಯ್ದಲ್ಲಿ ಬೋರ್ಡೋ ಮುಲಾಮು ಹಚ್ಚುವುದು ಅವರಿಗೆ ಗೊತ್ತು. (ಬೋರ್ಡೋ ಶಿಲೀಂಧ್ರನಾಶಕ, ಡಾಂಬರಿನ ಜಾತಿಯದಲ್ಲ.) ಒಂದೇ ತಾಲೂಕಲ್ಲಿ, ಕಾಯಿ ಮಾರಿ ದುಡ್ಡು ಬರುವ ಗಿಡಕ್ಕೆ ಕತ್ತರಿ ಇದೆ, ನೆರಳು ಕೊಡುವ ಗಿಡಕ್ಕೆ ಕೊಡಲಿ.

ಗಿಡ ಸಾಯುವುದು ಮೇಲಿನಿಂದ ಅಷ್ಟೇ ಅಲ್ಲ. ಇಂಡಿ, ಸಿಂದಗಿಯ ಕಬ್ಬಿನ ಹೊಲಗಳಲ್ಲಿ ಕಟಾವಾದ ಮೇಲೆ ರವದಿಗೆ ಬೆಂಕಿ ಇಟ್ಟಾಗ ಬದುವಿನ ಗಿಡದ ಬುಡ ಸುಡುತ್ತದೆ. ತೊಗಟೆಯ ಕೆಳಗಿನ ಜೀವಪದರ ಸುತ್ತಲೂ ಸತ್ತರೆ ಎಲೆ ಇನ್ನೂ ಹಸಿರಿದ್ದರೂ ಆ ಗಿಡದ ಕಥೆ ಮುಗಿದ ಹಾಗೆ. ಬೆಂಕಿ ಇಡಲೇಬೇಕು ಅನ್ನುವವರು ಬುಡದ ಸುತ್ತ ಎರಡು ಮಾರು ರವದಿ ಎಳೆದುಹಾಕಲಿ. ಎಳೆಯದೆ ಮುಚ್ಚಿಗೆ ಮಾಡಿದರೆ ಇನ್ನೂ ಒಳ್ಳೇದು. ಊರ ಕಟ್ಟೆಗಳದು ಇನ್ನೊಂದು ಕಥೆ. ಮಣ್ಣು ತುಂಬಿ ಕಲ್ಲು ಪೇರಿಸಿದ ಹಳೇ ಕಟ್ಟೆಯಲ್ಲಿ ನೀರು ಇಂಗುತ್ತಿತ್ತು. ಈಗಿನ ಅಭಿವೃದ್ಧಿ ಅನುದಾನದ ಕಟ್ಟೆಗೆ ಸಿಮೆಂಟು, ಗ್ರಾನೈಟು, ಕಾಂಡದ ತನಕ ಟೈಲ್ಸು, ಜೊತೆಗೆ ಅನುದಾನ ತಂದವರ ಹೆಸರಿನ ಕಲ್ಲು. ಬೇರಿಗೆ ಉಸಿರು, ನೀರು ಎರಡೂ ಬಂದ್.

ಕಾನೂನು ಏನು ಹೇಳುತ್ತದೆ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಗಿಡ ಉರುಳಿಸಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಹೆಚ್ಚು ಗಿಡವಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಗಿಡಗಳ ಗಣತಿಯೂ ಆ ಕಾಯ್ದೆ ಹೇಳುವ ಕೆಲಸವೇ. ಆದರೆ ಫೈಲು ಕೇಳುವುದು ಎಷ್ಟು ಗಿಡ ಉರುಳಿತು ಅಂತ. ನಿಂತಲ್ಲೇ ಐದು ವರ್ಷ ಕೊಳೆತು ಬೀಳುವ ಗಿಡ ಗಾಳಿಯ ಖಾತೆಗೆ ಜಮಾ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಇರುವ ಯೋಜನೆಯ ತರ್ಕವನ್ನೇ ಮುಂದಕ್ಕೆ ಎಳೆದರೆ ಸಾಕು. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರೈತನಿಗೆ ದುಡ್ಡು ಕೊಡುವುದು ನೆಟ್ಟ ಸಸಿಗೆ ಅಲ್ಲ, ಬದುಕುಳಿದ ಸಸಿಗೆ, ಮೊದಲ ಮೂರು ವರ್ಷ. ಒಳ್ಳೆಯ ತತ್ವ. ಮೂರನೇ ವರ್ಷಕ್ಕೆ ಯಾಕೆ ನಿಲ್ಲಬೇಕು? ಹರಿಯಾಣದಲ್ಲಿ 75 ವರ್ಷ ದಾಟಿದ ಗಿಡಗಳನ್ನು ನೋಡಿಕೊಳ್ಳುವವರಿಗೆ ವರ್ಷಕ್ಕೆ 2,750 ರೂಪಾಯಿ ‘ಪಿಂಚಣಿ’ 2023ರಲ್ಲಿ ಶುರುವಾಯಿತು. ಹೆಸರು ಕೇಳಿ ನಗು ಬರಬಹುದು, ಆದರೆ ಹಳೇ ಗಿಡಕ್ಕೂ ಖರ್ಚಿದೆ ಅಂತ ಬಜೆಟ್ಟಿನಲ್ಲಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ನಮ್ಮ ಪುರಸಭೆ, ಪಂಚಾಯಿತಿ, ವಿದ್ಯುತ್ ಕಂಪನಿಗಳು ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ: ಟೊಂಗೆ ಕಡಿಯುವ ಕೂಲಿ ಬೇರೆ, ಕಟ್ಟಿಗೆ ಹರಾಜು ಬೇರೆ ಮಾಡುವುದು. ಕೂಲಿ ದಿನದ ಲೆಕ್ಕಕ್ಕೆ, ಕಟ್ಟಿಗೆ ದುಡ್ಡು ಪಂಚಾಯಿತಿಗೆ. ಜೊತೆಗೆ ತಾಲೂಕಿಗೆ ನಾಲ್ಕೈದು ಜನರಿಗಾದರೂ ತರಬೇತಿ ಬೇಕು. ನಮ್ಮ ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಸುತ್ತಾರೆ. ಗಿಡ ಹತ್ತಿ ಕೆಲಸ ಮಾಡುವುದನ್ನು ಕಲಿಸುವ ತರಗತಿ ನಾನು ನೋಡಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ, ಅದೇ ವಿಶ್ವವಿದ್ಯಾಲಯದ ಕೃಷಿ ಕಾಲೇಜು ವಿಜಯಪುರದಲ್ಲೇ ಇದೆ. ಹದಿನೈದು ದಿನದ ಶಿಬಿರಕ್ಕೆ ಕಟ್ಟಡ ಕಟ್ಟಬೇಕಿಲ್ಲ.

ಅಲ್ಲಿವರೆಗೆ ಗಿಡ ಹತ್ತುತ್ತಿರುವವರಿಗೆ ನೇರವಾಗಿ ಎರಡು ಮಾತು. ತಂತಿ ಹತ್ತಿರ ಇದ್ದರೆ ಸೆಕ್ಷನ್ ಆಫೀಸಿಗೆ ಹೇಳಿ ಎಲ್‌ಸಿ ತಗೊಳ್ಳದೆ ಹತ್ತಬೇಡ್ರಿ. ಕರೆಂಟ್ ಹೋಗಿದೆ ಅನ್ನೋದು ಎಲ್‌ಸಿ ಅಲ್ಲ, ಯಾವ ಕ್ಷಣ ಬೇಕಾದರೂ ಬರಬಹುದು. ಯಾರದೋ ಮನೆಯ ಜನರೇಟರ್‌ನಿಂದ ಲೈನಿಗೆ ಹಿಂದಕ್ಕೆ ಹರಿದು ಬಂದು ಕೊಂದದ್ದೂ ಉಂಟು. ಹಸಿ ಟೊಂಗೆಯಲ್ಲಿ ಕರೆಂಟ್ ಹರಿಯುತ್ತದೆ. ಸೊಂಟದ ಹಗ್ಗವನ್ನು ನೀವು ಕಡಿಯುವ ಟೊಂಗೆಗೆ ಅಲ್ಲ, ಅದಕ್ಕಿಂತ ಮೇಲೆ ಕಾಂಡಕ್ಕೆ ಸುತ್ತಿರಿ. ಬೀಳುವ ಟೊಂಗೆಗೆ ಬೇರೆ ಹಗ್ಗ, ಕೆಳಗೆ ಜನರನ್ನು ತಡೆಯಲು ಒಬ್ಬರು.

ಇನ್ನೊಂದು ವಿಮೆಯದು. ಕಟ್ಟಡ ಕಾರ್ಮಿಕರಿಗೆ ಅವರದೇ ಕಲ್ಯಾಣ ಮಂಡಳಿ ಇದೆ, ಗಿಡ ಹತ್ತುವವರಿಗೆ ಹಾಗೆ ಪ್ರತ್ಯೇಕ ಮಂಡಳಿ ಇಲ್ಲ. ಬ್ಯಾಂಕ್ ಖಾತೆ ಇದ್ದವರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸಹಿ ಹಾಕಿದರೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಟೊಂಗೆ ಕಡಿಯುವ ಹಂಗಾಮು ಜೋರಾಗಿರುವ ಆ ಹೊತ್ತಿಗೇ ನವೀಕರಣ ಬರುತ್ತದೆ; ಖಾತೆಯಲ್ಲಿ ಆ 20 ರೂಪಾಯಿ ಇದೆಯೋ ಇಲ್ಲವೋ ಅಂತ ಮೇ ತಿಂಗಳ ಕೊನೇ ವಾರ ಒಮ್ಮೆ ನೋಡಿಕೊಳ್ರಿ.